ಆರು ಕಿವಿಗಳ ಕಾಗದ

ಕೋರ್ಟಿನ ಅಮೀನ ಅಂಗಡಿಯ ಮುಂದೆ ಬಂದು ನಿಂತಾಗ ಮೊಳೆಯಣ್ಣನ ಬಾಯಲ್ಲಿ ಹದಿನೇಳು ಮೊಳೆಗಳಿದ್ದವು.

ಮೂರು ಸೀಟಿನ ಹಳೆಯ ಸೋಫಾವೊಂದನ್ನು ಬೋರಲು ಹಾಕಿಕೊಂಡು ಅದರ ಹೊಟ್ಟೆಗೆ ಪಟ್ಟಿ ಬಿಗಿಯುತ್ತಿದ್ದ. ಎಡಗೈ ಪಟ್ಟಿಯನ್ನು ಎಳೆದು ಹಿಡಿಯಬೇಕು, ಬಲಗೈಗೆ ಸುತ್ತಿಗೆ ಬೇಕು, ಮೊಳೆ ಹಿಡಿಯಲು ಮೂರನೆಯ ಕೈ ಎಲ್ಲಿಂದ ತರುವುದು? ಅದಕ್ಕೇ ಬಾಯಿ. ಒಂದು ಹಿಡಿ ಮೊಳೆಯನ್ನು ದವಡೆಗೆ ಸೇರಿಸಿಕೊಂಡು, ನಾಲಿಗೆಯಿಂದ ಒಂದೊಂದನ್ನೇ ತುಟಿಯಂಚಿಗೆ ತಳ್ಳಿ, ಅಯಸ್ಕಾಂತದ ಸುತ್ತಿಗೆಯ ಮೂತಿಗೆ ಅಂಟಿಸಿ, ಟಕ್ ಎಂದು ಹೊಡೆಯುವುದು. ಹೀಗೆ ನಲವತ್ತು ವರ್ಷ. ಈ ಕೆಲಸದಿಂದಲೇ ಅವನಿಗೆ ಆ ಹೆಸರು ಬಂದಿತ್ತು. ಹೆತ್ತವರು ಇಟ್ಟ ಹೆಸರು ಚುನಾವಣೆಯ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು.

"ಇಲ್ಲೊಂದು ಸಹಿ ಹಾಕಿ," ಎಂದ ಅಮೀನ.

"ಹೂಂ," ಎಂದ ಮೊಳೆಯಣ್ಣ. ಸಹಿ ಹಾಕಿದ, ಕಾಗದವನ್ನು ಕತ್ತರಿಯ ಕೆಳಗೆ ತಳ್ಳಿದ, ಮತ್ತೆ ಸೋಫಾದ ಹೊಟ್ಟೆಗೆ ತಲೆ ಹಾಕಿದ.

ಹೊಲಿಗೆ ಯಂತ್ರದ ಮುಂದೆ ಕುಶನ್ನಿನ ಕವರು ಹೊಲಿಯುತ್ತಿದ್ದ ಹೆಂಡತಿ ಕಾಲು ನಿಲ್ಲಿಸಿದಳು. "ಏನ್ರೀ ಅದು?"

"ಹೂಂ."

"ಹೂಂ ಅಂದ್ರೆ ಏನು? ಕರೆಂಟ್ ಬಿಲ್ಲೋ ಮದುವೆ ಕರೆಯೋಲೆಯೋ?" ಅವಳೇ ಎದ್ದು ಬಂದು ಓದಿದಳು. ಓದುತ್ತಾ ಓದುತ್ತಾ ಅವಳ ದನಿ ಇಳಿಯಿತು. "ಕೋರ್ಟಿನಿಂದ ರೀ. ಸಾಕ್ಷಿ ಹೇಳೋಕೆ ಬರಬೇಕಂತೆ. ನೀವೇನು ನೋಡಿದ್ರಿ?"

ಮೊಳೆಯಣ್ಣ ಮೊಳೆಗಳನ್ನೆಲ್ಲ ಅಂಗೈಗೆ ಉಗುಳಿಕೊಂಡ. "ನಾನೇನೂ ನೋಡಿಲ್ಲ ಕಣೇ."

"ಅದನ್ನೇ ಹೇಳೋಕೆ ಕರೆದಿರಬೇಕು, ಹೋಗಿ ಬನ್ನಿ," ಎಂದು ಅವಳು ನಕ್ಕಳು. ತಾನು ಆಡಿದ ಮಾತು ಎಷ್ಟು ನಿಜವೆಂದು ಅವಳಿಗಾಗಲಿ ಅವನಿಗಾಗಲಿ ಆಗ ತಿಳಿಯಲಿಲ್ಲ.

ಮೊಳೆಯಣ್ಣನ ಕತೆಯನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು. ಅವನ ಜನ ಆ ಊರಿಗೆ ಹೊರಗಿನವರು. ಅಜ್ಜನ ಅಜ್ಜಂದಿರು ಬೇರೊಂದು ದೇಶದಿಂದ ಹಡಗು ಹತ್ತಿ ಬಂದವರು. ಇನ್ನೂರು ಮನೆಗಳಾಗಿ ಬೆಳೆದು ಎಷ್ಟೋ ಕಾಲವಾಗಿದ್ದರೂ ಊರಿನವರ ಬಾಯಲ್ಲಿ ಅವರಿನ್ನೂ 'ಹಡಗಿನವರು'. ಬರುವಾಗ ತಮ್ಮ ದೇವರನ್ನೂ ತಮ್ಮ ನ್ಯಾಯದ ಪುಸ್ತಕವನ್ನೂ ಜೊತೆಗೇ ತಂದಿದ್ದರು. ಗಂಡಹೆಂಡಿರ ಜಗಳ, ಮದುವೆಯಿಂದ ಬಿಡುಗಡೆ, ಮಗು ಯಾರ ಮನೆಯಲ್ಲಿ ಬೆಳೆಯಬೇಕು ಎಂಬುದೆಲ್ಲ ಆ ಪುಸ್ತಕದ ಪ್ರಕಾರವೇ ತೀರ್ಮಾನವಾಗಬೇಕು. ಅದಕ್ಕೆ ಮೂವರು ಹಿರಿಯರು ಒಂದೇ ಕೋಣೆಯಲ್ಲಿ ಒಂದೇ ಹೊತ್ತಿಗೆ ಕೂರಬೇಕು. ಪುಸ್ತಕದಲ್ಲಿ ಬಾಯಿಗಳ ಲೆಕ್ಕವಿಲ್ಲ, ಕಿವಿಗಳ ಲೆಕ್ಕವಿದೆ: ಎರಡೂ ಕಡೆಯವರ ಮಾತು ಆರು ಕಿವಿಗಳಿಗೆ ಬಿದ್ದಿರಬೇಕು. ಆಮೇಲೆ ಮೂವರೂ ಸಹಿ ಹಾಕಿದರೆ ಸರಕಾರ ಆ ಕಾಗದವನ್ನು ಒಪ್ಪುತ್ತಿತ್ತು. ಪ್ರತಿಯೊಬ್ಬರಿಗೂ ಅವರವರ ಧರ್ಮದಂತೆ ಬದುಕುವ ಹಕ್ಕಿದೆ ಎಂದು ಇಲ್ಲಿನ ಸಂವಿಧಾನ ಹೇಳಿತ್ತಲ್ಲ, ಅದರ ನೆರಳಿನಲ್ಲಿ ಆರು ಕಿವಿಗಳ ಕೂಟ ತಲೆಮಾರುಗಳ ಕಾಲ ತಣ್ಣಗೆ ನಡೆದುಕೊಂಡು ಬಂದಿತ್ತು.

ಕೂಟದ ಒಬ್ಬ ಹಿರಿಯರು ತೀರಿಕೊಂಡಾಗ ಆ ಜಾಗಕ್ಕೆ ಮೊಳೆಯಣ್ಣನನ್ನು ಕರೆದರು. ಯಾಕೆಂದರೆ ಅವನು ಮಾತಾಡುತ್ತಿರಲಿಲ್ಲ. ಅಂಗಡಿಗೆ ಬಂದು ಯಾರು ಏನೇ ಹೇಳಿಕೊಂಡರೂ ತಲೆ ಅಲ್ಲಾಡಿಸಿ 'ಹೂಂ' ಎನ್ನುತ್ತಿದ್ದ, ಅಷ್ಟೆ. ಎಂಥ ಗಂಭೀರ ಮನುಷ್ಯ, ಎಷ್ಟು ಅಳೆದು ತೂಗಿ ಮಾತಾಡುತ್ತಾನೆ ಎಂದು ಜನ ತಲೆದೂಗಿದರು. ಹೆಂಡತಿ ಮಾತ್ರ, "ಇವರು ಯೋಚನೆ ಮಾಡ್ತಿದ್ದಾರೆ ಅಂದ್ಕೊಂಡ್ರು. ಮೊಳೆ ನುಂಗದ ಹಾಗೆ ನೋಡ್ಕೊಳ್ತಿದ್ರು, ಪಾಪ," ಎನ್ನುತ್ತಿದ್ದಳು.

ಮೊದಲ ಮೂರು ವರ್ಷ ಅವನು ತಪ್ಪದೆ ಹೋದ. ಪ್ರಾರ್ಥನಾ ಮನೆಯ ಮಹಡಿ, ಮೂರು ಕುರ್ಚಿ, ಶನಿವಾರ ಮಧ್ಯಾಹ್ನ. ನಡುವಿನ ಕುರ್ಚಿಯಲ್ಲಿ ಹೆಡ್‌ಮಾಸ್ಟರು, ನಿವೃತ್ತರಾಗಿದ್ದರೂ ಎಲ್ಲರಿಗೂ ಹೆಡ್‌ಮಾಸ್ಟರೇ. ಬಲಕ್ಕೆ ಔಷಧಿ ಅಂಗಡಿಯವರು. ಎಡಕ್ಕೆ ಇವನು. ಆಮೇಲೆ ದೊಡ್ಡಾಸ್ಪತ್ರೆಯ ಬೆಂಚು, ಕುರ್ಚಿಗಳ ಕೆಲಸ ಸಿಕ್ಕಿತು. ರೋಗಿಗಳ ಸಾಲು ಕರಗುವ ಶನಿವಾರ ಮಧ್ಯಾಹ್ನವೇ ಅಲ್ಲಿ ಕೆಲಸ ಮಾಡಬೇಕು. ಮೊಳೆಯಣ್ಣ ಹೆಡ್‌ಮಾಸ್ಟರ ಹತ್ತಿರ ಹೋಗಿ, "ಸಾರ್, ನನ್ನನ್ನ ಬಿಟ್ಟುಬಿಡಿ, ಬೇರೆಯವರನ್ನ ನೋಡ್ಕೊಳ್ಳಿ," ಎಂದ.

"ಬೇರೆಯವರು ಬಂದ್ರೆ ಮಾತಾಡ್ತಾರೆ ಕಣಯ್ಯ," ಎಂದು ಹೆಡ್‌ಮಾಸ್ಟರು ನಕ್ಕರು. "ನೀನು ಇದ್ರೂ ಹೂಂ ಅಂತೀಯ. ಒಂದು ಕೆಲಸ ಮಾಡು. ಹತ್ತು ಹನ್ನೆರಡು ಹಾಳೆಗೆ ಕೆಳಗೆ ಸಹಿ ಹಾಕಿಟ್ಟು ಹೋಗು. ನಾವಿಬ್ಬರು ಕೇಳಿ, ಸರಿಯಾಗಿ ಬರೆದುಕೊಳ್ತೀವಿ. ನಮ್ಮ ಮೇಲೆ ನಂಬಿಕೆ ಇಲ್ವಾ?"

ನಂಬಿಕೆಗೆ ಏನೂ ಕೊರತೆ ಇರಲಿಲ್ಲ. ಅಂದಿನಿಂದ ಅದೇ ರೂಢಿಯಾಯಿತು. ಹಾಳೆ ಮುಗಿದಾಗಲೆಲ್ಲ ಹೆಡ್‌ಮಾಸ್ಟರು ಅಂಗಡಿಗೆ ಬರುವರು, ಒಂದು ಲೋಟ ಟೀ ಕುಡಿಯುವರು. ಮೊಳೆಯಣ್ಣ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಖಾಲಿ ಹಾಳೆಗಳನ್ನು ಹರಡಿ, ಅಂಟು ಹತ್ತಿದ ಬೆರಳಿನಿಂದಲೇ ಒಂದರ ಕೆಳಗೊಂದು ಸಹಿ ಹಾಕಿಕೊಡುವನು. ಹನ್ನೊಂದು ವರ್ಷ ಹೀಗೆ ನಡೆಯಿತು. ಯಾರಿಗೂ ಅದರಲ್ಲಿ ಮೋಸ ಕಾಣಲಿಲ್ಲ. ಅವನಿಗಂತೂ ಇಲ್ಲವೇ ಇಲ್ಲ.

ನಡುವೆ ಅವನ ಮಗಳ ಪ್ರಸಂಗವೂ ಬಂತು. ಒಂಬತ್ತು ವರ್ಷದ ಹಿಂದೆ ಅವಳು ಒಂದು ಸೂಟ್‌ಕೇಸ್ ಹಿಡಿದು ಗಂಡನ ಮನೆಯಿಂದ ಬಂದಳು, ಮತ್ತೆ ಹೋಗುವುದಿಲ್ಲ ಎಂದಳು. ಕೂಟದ ಮುಂದೆ ವಿಷಯ ಬಂದಾಗ, ಈ ಒಂದು ಶನಿವಾರವಾದರೂ ಬಾ ಎಂದು ಹೆಡ್‌ಮಾಸ್ಟರು ಕರೆದರೂ, "ನನ್ನ ಮಗಳ ವಿಚಾರದಲ್ಲಿ ನಾನು ಕೂರೋದು ಸರಿಯಲ್ಲ," ಎಂದು ಮೊಳೆಯಣ್ಣ ದೂರ ಉಳಿದ. ಎಂಥ ನ್ಯಾಯವಂತ ಎಂದು ಹಡಗಿನವರೆಲ್ಲ ಹೊಗಳಿದರು. ಬಿಡುಗಡೆಯ ಕಾಗದ ಬಂತು. ಅದರಲ್ಲಿ ಮೂರು ಸಹಿಗಳಿದ್ದವು, ಮೂರನೆಯದು ಅವನದೇ. ಒಂದು ಕ್ಷಣ ಅವನ ಹುಬ್ಬು ಗಂಟಿಕ್ಕಿತು. ಆಮೇಲೆ, ಒಳ್ಳೆಯದೇ ಆಯಿತು ಎಂದುಕೊಂಡ. ಮಗಳು ಎರಡು ವರ್ಷ ಬಿಟ್ಟು ಮತ್ತೆ ಮದುವೆಯಾದಳು, ಹೆಣ್ಣುಮಗು ಹುಟ್ಟಿತು, ಪೋಸ್ಟಾಫೀಸಿನ ಕೌಂಟರಿನಲ್ಲಿ ಕೆಲಸವೂ ಆಯಿತು. ಮರೆತು ಹೋಗುವಷ್ಟು ಎಲ್ಲ ಸರಿಯಾಗಿತ್ತು.

ಕೋರ್ಟಿನ ತಾರೀಕಿಗೆ ಎರಡು ವಾರವಿದ್ದಾಗ ಮೊಳೆಯಣ್ಣ ಸಕ್ಕರೆ ಕಾಯಿಲೆಯ ಪರೀಕ್ಷೆಗೆಂದು ಖಾಲಿ ಹೊಟ್ಟೆಯಲ್ಲಿ ಲ್ಯಾಬಿಗೆ ಹೋದ. ರಕ್ತ ತೆಗೆಯುವ ಹೆಂಗಸಿಗೆ ಮೂವತ್ತರ ಆಚೀಚೆ ವಯಸ್ಸು. ಚೀಟಿಯ ಮೇಲಿನ ಹೆಸರನ್ನು ಎರಡು ಸಲ ಓದಿದಳು. ತೋಳಿಗೆ ರಬ್ಬರ್ ಪಟ್ಟಿ ಬಿಗಿದಳು.

"ನನ್ನನ್ನ ಎಲ್ಲಾದ್ರೂ ನೋಡಿದ ನೆನಪಿದೆಯಾ ನಿಮಗೆ?" ಎಂದು ಕೇಳಿದಳು.

ಮೊಳೆಯಣ್ಣ ಅವಳ ಮುಖವನ್ನು ಆ ಕಡೆಯಿಂದ ಈ ಕಡೆಯಿಂದ ನೋಡಿದ. "ಸೋಫಾ ಕೊಟ್ಟಿದ್ಯೇನಮ್ಮ? ನನಗೆ ಮುಖ ನೆನಪಿರಲ್ಲ. ಸೋಫಾ ತೋರಿಸಿದ್ರೆ ಹೇಳ್ತೀನಿ."

ಅವಳು ನಗಲಿಲ್ಲ. "ಸೋಫಾ ಅಲ್ಲ. ಪ್ರಾರ್ಥನಾ ಮನೆ ಮಹಡಿ, ಹೋದ ವರ್ಷ. ನನ್ನ ಮಾತನ್ನೆಲ್ಲ ನೀವು ಗಮನವಿಟ್ಟು ಕೇಳಿದ್ರಿ ಅಂತ ಕಾಗದದಲ್ಲಿ ಬರೆದಿದೆ. ಕೆಳಗೆ ನಿಮ್ಮ ಸಹಿ ಇದೆ. ಅಲ್ಲಿ ಮೂರು ಕುರ್ಚಿ ಇತ್ತು, ಒಂದು ಖಾಲಿ ಇತ್ತು. ಮುಷ್ಟಿ ಬಿಗಿ ಹಿಡೀರಿ."

ಅವನು ಮುಷ್ಟಿ ಹಿಡಿದ.

"ನಿಮ್ಮ ಹತ್ರ ಕೇಸಿನ ವಿಷಯ ಆಡಬಾರದು ಅಂತ ನಮ್ಮ ಲಾಯರಮ್ಮ ಹೇಳಿದ್ದಾರೆ. ಹಾಗಾಗಿ ಆಡಲ್ಲ. ಚುಚ್ಚುತ್ತೆ, ಅಲ್ಲಾಡ್ಬೇಡಿ." ಸೂಜಿ ಇಳಿಯಿತು. ಸಣ್ಣ ಕೊಳವೆ ಕೆಂಪಾಗುವುದನ್ನು ಇಬ್ಬರೂ ನೋಡಿದರು. "ನನ್ನ ಮಗಳಿಗೆ ಏಳು ತುಂಬಿದ ದಿನ ಅವಳಪ್ಪನ ಹತ್ರ ಕಳಿಸಬೇಕು ಅಂತ ನಿಮ್ಮ ಕಾಗದ ಹೇಳುತ್ತೆ. ಅವರು ನಮ್ಮ ಹಿರಿಯರ ಹಳೇ ದೇಶಕ್ಕೆ ಹೋಗಿ ಅಲ್ಲೇ ಉಳಿದುಬಿಟ್ಟಿದ್ದಾರೆ. ಮಗು ಅವರನ್ನ ಕೊನೆಗೆ ನೋಡಿದಾಗ ತೊದಲು ಮಾತಾಡ್ತಿತ್ತು. ಈಗ ಅವಳಿಗೆ ಆರೂವರೆ. ಮುಷ್ಟಿ ಬಿಡಿ, ಆಯ್ತು."

ಹತ್ತಿಯ ಉಂಡೆಯನ್ನು ಒತ್ತಿ, ಅವನ ಬೆರಳನ್ನೇ ಅದರ ಮೇಲೆ ಇಟ್ಟು ಅವಳು ಕೊಳವೆಗೆ ಚೀಟಿ ಅಂಟಿಸತೊಡಗಿದಳು. ಮೊಳೆಯಣ್ಣ ಬೀದಿಗೆ ಬಂದು ಎಷ್ಟು ದೂರ ನಡೆದರೂ ಆ ಬೆರಳನ್ನು ತೆಗೆಯಲಿಲ್ಲ. ತಿಂಡಿಯ ನೆನಪೂ ಬರಲಿಲ್ಲ. ಆ ಹೆಂಗಸಿನ ಮಾತು ಕೇಳಿದ್ದೇನೆಂದು ಬರೆದುಕೊಟ್ಟವನು ತಾನು. ಅವಳೆದುರೇ ತೋಳು ಚಾಚಿ ಕೂತಾಗ ಯಾರೆಂದು ಗುರುತೇ ಸಿಗಲಿಲ್ಲವಲ್ಲ!

ಮರುದಿನ ಹೆಡ್‌ಮಾಸ್ಟರು ಬಂದರು. ಅರ್ಧ ಮುಗಿದ ಸೋಫಾದ ಮೇಲೆ ಕೂತರು.

"ಆ ಲ್ಯಾಬಿನ ಹುಡುಗಿಯ ಗಂಡನ ಕಡೆಯವರು ನಮ್ಮ ತೀರ್ಪನ್ನ ಜಾರಿ ಮಾಡಿಸಿ ಅಂತ ಕೋರ್ಟಿಗೆ ಹೋಗಿದ್ದಾರೆ. ಅವಳು ಆಕ್ಷೇಪ ಎತ್ತಿದ್ದಾಳೆ. ನಿನಗೇನೂ ಕಷ್ಟ ಇಲ್ಲ. 'ಆವತ್ತು ಕೂತಿದ್ರಾ?' ಅಂತಾರೆ. 'ಹೂಂ' ಅಂದು ಇಳಿದು ಬಾ."

"ಕೂತಿರಲಿಲ್ಲವಲ್ಲ ಸಾರ್."

"ನಾವಿಬ್ಬರು ಕೇಳಿದೀವಲ್ಲಯ್ಯ!"

"ಪುಸ್ತಕದಲ್ಲಿ ಆರು ಅಂತ ಇದೆ."

ಹೆಡ್‌ಮಾಸ್ಟರ ಮುಖ ಬಿಗಿಯಿತು. ಆದರೆ ದನಿ ಏರಲಿಲ್ಲ, ಅವರು ಕೆಟ್ಟವರೇನಲ್ಲ. "ಪುಸ್ತಕ ನನಗೆ ಹೇಳ್ಕೊಡ್ಬೇಡ. ಈ ಊರಲ್ಲಿ ನಮ್ಮನ್ನ ಕಂಡ್ರೆ ಯಾರಿಗೆ ಪ್ರೀತಿ ಇದೆ ಹೇಳು. ಪರದೇಶದ ಕಾನೂನು ಇಲ್ಲಿ ಯಾಕೆ ಅಂತ ಪೇಪರಿನಲ್ಲಿ ವಾರಕ್ಕೊಂದು ಬರೀತಾರೆ. ಕೂಟ ಮುಚ್ಚಿಸೋಕೆ ಒಂದು ನೆಪ ಸಿಕ್ಕಿದ್ರೆ ಸಾಕು ಅಂತ ಕಾಯ್ತಾ ಕೂತಿದ್ದಾರೆ. ಇವತ್ತು ಮಹಡಿ, ನಾಳೆ ಪ್ರಾರ್ಥನೆ ಕೋಣೆ. ಆ ಪುಸ್ತಕ ಉಳಿಸ್ಕೊಳ್ಳೋಕೆ ಅಂತ ನಮ್ಮವರು ಸಮುದ್ರ ದಾಟಿದ್ರು. ನೀನು ಬೀಗದ ಕೈ ತೆಗೆದು ಅವರ ಕೈಗೆ ಕೊಡ್ತೀಯಾ?"

ಆ ಭಯ ಸುಳ್ಳಾಗಿರಲಿಲ್ಲ. ಅಂಗಡಿಯ ಬಾಗಿಲ ಮೇಲೆ ಯಾರೋ ಸೀಮೆಸುಣ್ಣದಲ್ಲಿ ಬರೆದಿದ್ದ ಬೈಗುಳವನ್ನು ಹೆಂಡತಿ ಹೋದ ತಿಂಗಳಷ್ಟೇ ಒದ್ದೆ ಬಟ್ಟೆಯಿಂದ ಒರೆಸಿದ್ದಳು.

ಹೊರಡುವಾಗ ಹೆಡ್‌ಮಾಸ್ಟರು ಹೊಸ್ತಿಲ ಬಳಿ ನಿಂತರು. "ಇನ್ನೊಂದು ಮಾತು. ನಿನ್ನ ಮಗಳ ಕಾಗದವೂ ಅದೇ ಕಟ್ಟಿನದು. ನಿನ್ನ ಮಗಳದು ನಿಲ್ಲಬೇಕಾದ್ರೆ ಈ ಹೆಂಗಸಿನದೂ ನಿಲ್ಲಬೇಕು, ಇವಳದು ಬಿದ್ದರೆ ನಿನ್ನ ಮಗಳದೂ ಬೀಳುತ್ತೆ. ಹೆದರಿಸೋಕೆ ಹೇಳ್ತಿಲ್ಲ. ಇರೋದು ಹೇಳ್ದೆ."

ಕೋರ್ಟಿನ ತಾರೀಕಿಗೆ ಎರಡು ದಿನವಿದ್ದ ಭಾನುವಾರ ಮಗಳೇ ಬಂದಳು. ಸುದ್ದಿ ಅವಳ ಕಿವಿಗೂ ಬಿದ್ದಿತ್ತು. ತನ್ನ ಬಿಡುಗಡೆಯ ಕಾಗದವನ್ನು ಕತ್ತರಿಸುವ ಮೇಜಿನ ಮೇಲೆ ಬಿಡಿಸಿ ಇಟ್ಟಳು. ಬರಹ ಅರ್ಧ ಹಾಳೆಗೇ ಮುಗಿದಿತ್ತು. ಹೆಡ್‌ಮಾಸ್ಟರು, ಔಷಧಿ ಅಂಗಡಿಯವರು ಅದಕ್ಕೆ ಅಂಟಿದಂತೆಯೇ ಸಹಿ ಹಾಕಿದ್ದರು. ಅವನ ಸಹಿ ಮಾತ್ರ ಒಂದು ಗೇಣು ಕೆಳಗೆ, ಯಾರಿಗೂ ಸೇರದವನ ಹಾಗೆ, ಒಂಟಿಯಾಗಿ ನಿಂತಿತ್ತು. ಪಕ್ಕದಲ್ಲಿ ಅಂಟಿಗೆ ಹತ್ತಿದ ಫೋಮಿನ ಹಳದಿ ಚೂರು.

"ಒಂಬತ್ತು ವರ್ಷ ಇದನ್ನ ಬೀರುವಿನಲ್ಲಿ ಇಟ್ಟಿದ್ದೆ. ಒಂದು ದಿನಾನೂ ಸರಿಯಾಗಿ ನೋಡಿರಲಿಲ್ಲ," ಎಂದಳು ಮಗಳು. "ಆ ಹೆಂಗಸಿನ ಕಾಗದದಲ್ಲಿ ಜಾಗ ಸಾಲದೆ ಕೊನೇ ಸಾಲುಗಳನ್ನ ಇರುವೆ ಕಾಲಿನ ಹಾಗೆ ಬರೆದಿದ್ದಾರಂತೆ. ಅದಕ್ಕೇ ಅವಳ ಲಾಯರಮ್ಮಂಗೆ ಅನುಮಾನ ಬಂತಂತೆ. ನಂದು ನೋಡು, ಜಾಗ ಉಳಿದುಬಿಟ್ಟಿದೆ."

"ತಪ್ಪಾಯ್ತು ಮಗಳೇ."

"ತಪ್ಪಿನ ಮಾತು ಆಮೇಲೆ. ನಾಡಿದ್ದು ಏನು ಹೇಳ್ತೀಯ?"

ಅವನು ಫೋಮಿನ ಚೂರನ್ನು ಉಗುರಿನಿಂದ ಕೆರೆದ. ಯಂತ್ರದ ಮುಂದೆ ಕೂತ ತಾಯಿ ದಾರ ಪೋಣಿಸುವ ನೆಪದಲ್ಲಿ ತಲೆ ತಗ್ಗಿಸಿದಳು.

"ಜೀವನ ಪೂರ್ತಿ ಹೂಂ ಅಂದ್ಕೊಂಡು ಬಂದೆ ಅಪ್ಪಾ. ಬೇಕಾದವರಿಗೂ ಅಂದೆ, ಬೇಡದವರಿಗೂ ಅಂದೆ. ನನಗೋಸ್ಕರ ಇನ್ನೊಂದು ಸಲ ಅನ್ನೋಕೆ ಆಗಲ್ವಾ?" ಅವಳು ಕಾಗದವನ್ನು ಅವನ ಕಡೆಗೆ ತಳ್ಳಿದಳು. "ಆ ಹೆಂಗಸಿಗೆ ಅನ್ಯಾಯ ಆಗಿದೆ, ನನಗೆ ಗೊತ್ತಾಗಲ್ವಾ? ನಾನೇನು ಕಲ್ಲಾ? ಆದ್ರೆ ಆ ಕಾಗದ ಸುಳ್ಳಾದ್ರೆ ನಾನು ಇನ್ನೂ ಆ ಮನುಷ್ಯನ ಹೆಂಡತಿ. ಆಗ ಈಗಿನ ನಮ್ಮನೆಯವರು ನನಗೆ ಯಾರು? ಶಾಲೆ ಅರ್ಜಿಯಲ್ಲಿ ನನ್ನ ಮಗಳ ಅಪ್ಪನ ಹೆಸರು ಅಂತ ಏನು ಬರೀಲಿ?"

"ನಾನು ಯಾರ ಕಡೆ ಅಂತ ನಿಲ್ಲಲಿ ಮಗಳೇ?" ಎಂದ. ಮಗಳು ಕಾಗದವನ್ನು ಮಡಿಸಿಕೊಂಡು, ತಾಯಿ ಕರೆದರೂ ತಿರುಗದೆ, ಹೋಗಿಬಿಟ್ಟಳು.

ಕೋರ್ಟಿನ ಕೋಣೆ ಅವನು ಅಂದುಕೊಂಡದ್ದಕ್ಕಿಂತ ಚಿಕ್ಕದಿತ್ತು. ಜಡ್ಜಮ್ಮ ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಕಡತ ತಿರುವುತ್ತಿದ್ದರು. ಲ್ಯಾಬಿನ ಹೆಂಗಸು ಮೊದಲ ಸಾಲಿನಲ್ಲಿ ನೆಟ್ಟಗೆ ಕೂತಿದ್ದಳು. ಹಿಂದಿನ ಸಾಲುಗಳ ತುಂಬ ಹಡಗಿನವರು. ಮಗಳು ಬಂದಿರಲಿಲ್ಲ, ಅವಳಿಗೆ ಡ್ಯೂಟಿ ಇತ್ತು.

ಗಂಡನ ಕಡೆಯ ವಕೀಲ ಎದ್ದು ನಿಂತು, ಇದು ಧರ್ಮದ ವಿಚಾರ, ಧರ್ಮದಲ್ಲಿ ಕೈ ಹಾಕುವ ಅಧಿಕಾರ ಕೋರ್ಟಿಗಿಲ್ಲ, ಸಂವಿಧಾನವೇ ಹಾಗೆ ಹೇಳುತ್ತದೆ ಎಂದು ದೀರ್ಘವಾಗಿ ವಾದಿಸಿದ. ಜಡ್ಜಮ್ಮ ಕೊನೆಯವರೆಗೆ ಕೇಳಿಸಿಕೊಂಡರು.

"ನಿಮ್ಮ ಪುಸ್ತಕ ಸರಿಯೋ ತಪ್ಪೋ ಅಂತ ನಾನು ಕೇಳಲ್ಲ," ಎಂದರು. "ಅದು ನನ್ನ ಕೆಲಸ ಅಲ್ಲ, ಆಗಬಾರದು ಕೂಡ. ಆದರೆ ಈ ಕಾಗದಕ್ಕೆ ಸರಕಾರದ ಬಲ ಕೊಡಿ, ಪೊಲೀಸರನ್ನ ಕಳಿಸಿಯಾದರೂ ಮಗುವನ್ನ ಕೊಡಿಸಿ ಅಂತ ಬಂದಿರೋದು ನೀವು. ಆಗ ನಾನು ಒಂದು ವಿಷಯ ಕೇಳಲೇಬೇಕು. ಈ ತಾಯಿಯ ಮಾತನ್ನ ಕೇಳಬೇಕಾದವರು ಕೇಳಿದ್ರಾ ಇಲ್ವಾ?"

ಮೊಳೆಯಣ್ಣ ಕಟಕಟೆ ಹತ್ತಿದ. ಲಾಯರಮ್ಮ ಒಂದೇ ಪ್ರಶ್ನೆ ಕೇಳಿದಳು: "ಆ ದಿನ ನೀವು ಅಲ್ಲಿ ಕೂತಿದ್ರಾ?"

ಅವನ ಗಂಟಲಿಗೆ 'ಹೂಂ' ಬಂದು ನಿಂತಿತು. ಅಷ್ಟು ವರ್ಷದ ಅಭ್ಯಾಸ, ತಾನಾಗಿಯೇ ಬಂತು. ಅವನು ಅದನ್ನು ಹಿಂದಕ್ಕೆ ನುಂಗಿಕೊಂಡ.

"ಇಲ್ಲ. ಆಸ್ಪತ್ರೆಯಲ್ಲಿ ಬೆಂಚಿಗೆ ರೆಕ್ಸಿನ್ ಹೊಡೀತಿದ್ದೆ."

ಹಿಂದಿನ ಸಾಲುಗಳಲ್ಲಿ ಗದ್ದಲವೆದ್ದಿತು. ಗಂಡನ ಕಡೆಯ ವಕೀಲ ನುಗ್ಗಿ ಬಂದ. "ಸಹಿ ನಿಮ್ಮದಲ್ವಾ?"

"ನಂದೇ. ಸಹಿ ಮೊದಲು ಆಯ್ತು ಸ್ವಾಮಿ, ಬರೆಯೋದು ಆಮೇಲೆ."

"ಅಂದ್ರೆ ಇದೊಂದೇ ಕಾಗದದಲ್ಲಿ ಹೀಗಾಯ್ತು! ಸರಿಯಾಗಿ ಈ ಹೆಂಗಸಿನ ಕಾಗದದಲ್ಲೇ! ಯಾರು ಬಂದು ನಿಮ್ಮ ಕಿವಿಯಲ್ಲಿ ಏನು ಊದಿದ್ರು ಹೇಳಿ. ಎರಡು ವಾರದ ಹಿಂದೆ ಈಕೆ ಕೆಲಸ ಮಾಡೋ ಲ್ಯಾಬಿಗೆ ಹೋಗಿದ್ರಿ ಅಲ್ವಾ?"

ಮೊಳೆಯಣ್ಣ ಲ್ಯಾಬಿನ ಹೆಂಗಸಿನ ಕಡೆ ನೋಡಿದ. ಅವಳ ಮುಖದ ಬಣ್ಣ ಇಳಿದುಹೋಗಿತ್ತು. ಇದೊಂದೇ ಎಂದರೆ ತಾನು ದುಡ್ಡಿಗೆ ಕೊಂಡ ಸಾಕ್ಷಿ ಎನಿಸಿಕೊಳ್ಳುತ್ತೇನೆ, ಅವಳ ಕೈಯಿಂದ ಮಗು ಹೋಗುತ್ತದೆ. ಇದೊಂದೇ ಅಲ್ಲ ಎಂದರೆ... ಅವನು ಕಟಕಟೆಯ ಮರವನ್ನು ಹಿಡಿದುಕೊಂಡ.

"ಇದೊಂದೇ ಅಲ್ಲ. ಹನ್ನೊಂದು ವರ್ಷದ್ದು ಎಲ್ಲಾ ಹೀಗೇ."

"ಬಾಯಿ ಮಾತು! ಒಂದಾದ್ರೂ ತೋರಿಸ್ತೀರಾ?"

"ನನ್ನ ಮಗಳದ್ದು," ಎಂದ ಮೊಳೆಯಣ್ಣ. "ಬಿಡುಗಡೆ ಕಾಗದ. ಅದಕ್ಕೂ ನಾನು ಕೂತಿರಲಿಲ್ಲ."

ಹೆಡ್‌ಮಾಸ್ಟರು ಕಣ್ಣು ಮುಚ್ಚಿಕೊಂಡರು. ಟೈಪಿಸ್ಟ್ ಆ ಮಾತನ್ನೂ ಟೈಪು ಮಾಡಿಕೊಂಡ. ಮುಂದಿನ ಆದೇಶದವರೆಗೆ ಮಗುವನ್ನು ತಾಯಿಯ ಹತ್ತಿರದಿಂದ ಕದಲಿಸಕೂಡದು ಎಂದು ಜಡ್ಜಮ್ಮ ಬರೆಸಿದರು. ಇಂಥ ಕಾಗದ ಇರುವ ಬೇರೆಯವರು ಇದೇ ಕೋರ್ಟಿಗೆ ಅರ್ಜಿ ಹಾಕಿಕೊಳ್ಳಬಹುದು, ಅವರ ಮಾತನ್ನು ಮೊದಲಿನಿಂದ ಕೇಳಲಾಗುವುದು ಎಂದರು. ಹೊರಗೆ ಬರುವಾಗ ಹಡಗಿನವರು ಅವನಿಗೆ ದಾರಿ ಬಿಟ್ಟರು, ಅಂಟುಜಾಡ್ಯದವನಿಗೆ ಬಿಡುವ ಹಾಗೆ. ಲ್ಯಾಬಿನ ಹೆಂಗಸು ಹತ್ತಿರ ಬಂದು ಎರಡೂ ಕೈ ಜೋಡಿಸಿ ಹೋದಳು.

ಮೊಳೆಯಣ್ಣ ಮನೆಗೆ ಹೋಗದೆ ನೇರ ಪೋಸ್ಟಾಫೀಸಿಗೆ ನಡೆದ. ಮಗಳ ಕೌಂಟರಿನ ಮುಂದೆ ಏಳೆಂಟು ಜನರಿದ್ದರು. ಸಾಲಿನಲ್ಲಿ ನಿಂತ. ಅವನ ಸರದಿ ಬಂದಾಗ ಅವಳು ತಲೆ ಎತ್ತಿದಳು.

"ಹೇಳಿಬಿಟ್ಟೆ," ಎಂದ.

"ನಂದೂ?"

"ನಿಂದೂ."

ಅವಳ ಕೈಯಲ್ಲಿದ್ದ ಮುದ್ರೆ ಹಾಗೇ ನಿಂತಿತು. ಆಮೇಲೆ ಅವನ ಭುಜದಾಚೆಗೆ ನೋಡುತ್ತಾ, "ಹಿಂದಿರೋರು ಬನ್ನಿ," ಎಂದಳು.

ಅವನು ಗೋಡೆ ಪಕ್ಕದ ಬೆಂಚಿನ ಮೇಲೆ ಕೂತ. ಜನ ಬಂದರು, ರಿಜಿಸ್ಟರು ಮಾಡಿಸಿದರು, ಅಂಚೆಚೀಟಿ ಕೊಂಡರು, ಹೋದರು. ಮಗಳು ಒಂದು ಸಲವೂ ಇತ್ತ ನೋಡಲಿಲ್ಲ. ಅವಳ ದನಿಯಲ್ಲಿ ಏರುಪೇರಿರಲಿಲ್ಲ, ಚಿಲ್ಲರೆ ಎಣಿಸುವಾಗ ಮಾತ್ರ ಎರಡು ಸಲ ತಪ್ಪಿತು. ನಾಲ್ಕು ಗಂಟೆಗೆ ಕಿಟಕಿ ಮುಚ್ಚಿ, ಪಕ್ಕದ ಬಾಗಿಲಿನಿಂದ ಹೊರಬಂದು ಬೆಂಚಿನ ಇನ್ನೊಂದು ತುದಿಗೆ ಕೂತಳು.

"ಈಗ ಏನು ಮಾಡ್ಬೇಕಂತೆ?"

"ಅರ್ಜಿ ಹಾಕ್ಬೇಕಂತೆ. ಮೊದಲಿನಿಂದ ಕೇಳ್ತಾರಂತೆ."

"ಆ ಮನುಷ್ಯನನ್ನೂ ಕರೆಸ್ತಾರಾ?"

"ಕರೆಸ್ತಾರೆ."

ಅವಳು ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡಳು. "ಆವತ್ತು ಮಹಡಿಯಲ್ಲಿ ಅವರಿಬ್ಬರ ಮುಂದೆ ಅರ್ಧಂಬರ್ಧ ಹೇಳಿದ್ದೆ. ಪೂರ್ತಿ ಹೇಳೋಕೆ ನಾಚಿಕೆ ಆಯ್ತು. ಅಪ್ಪ ಯಾಕೆ ಬರಲಿಲ್ಲ ಅಂತ ಬಾಗಿಲು ನೋಡ್ತಿದ್ದೆ. ಎಲ್ಲರೂ ನಿನ್ನನ್ನ ನ್ಯಾಯವಂತ ಅಂದ್ರು. ನಿಜ ಹೇಳು, ನ್ಯಾಯಕ್ಕೆ ಅಂತ ದೂರ ನಿಂತೆಯಾ?"

"ಇಲ್ಲ," ಎಂದ ಮೊಳೆಯಣ್ಣ. ಆ ದಿನ ಅವನು ಆಡಿದ ಎರಡನೆಯ 'ಇಲ್ಲ' ಅದು, ಮೊದಲನೆಯದಕ್ಕಿಂತ ಕಷ್ಟವಾಯಿತು. "ಅವನು ನಿನಗೇನು ಮಾಡಿದ ಅಂತ ಕೇಳೋ ಧೈರ್ಯ ಇರಲಿಲ್ಲ."

ಮಗಳು ತಲೆಯಾಡಿಸಿದಳು. ಕ್ಷಮಿಸಿದ್ದಲ್ಲ, ಗೊತ್ತಿದ್ದದ್ದು ಖಚಿತವಾಯಿತು ಎಂಬಂತೆ.

"ಕೋರ್ಟಲ್ಲಿ ಪೂರ್ತಿ ಹೇಳ್ತೀನಿ. ಅದನ್ನ ಬಿಟ್ಟರೆ ನನಗೆ ಬೇರೆ ದಾರಿ ನೀನು ಉಳಿಸಿಲ್ಲ," ಎಂದು ಚೀಲ ಹೆಗಲಿಗೇರಿಸಿ ಎದ್ದಳು. "ಆವತ್ತು ನೀನು ಬರಬೇಕು. ಮುಂದಿನ ಸಾಲಿನಲ್ಲಿ ಕೂರಬೇಕು. ಮಧ್ಯದಲ್ಲಿ ಎದ್ದು ಹೋಗೋ ಹಾಗಿಲ್ಲ."

"ಬರ್ತೀನಿ," ಎಂದ. ಅವಳು ಆಗಲೇ ಬಾಗಿಲು ದಾಟಿದ್ದಳು. ಅವಳ ಬಸ್ಸಿನ ದಾರಿಯೂ ಅವನ ಮನೆಯ ದಾರಿಯೂ ಒಂದೇ ಆಗಿದ್ದರೂ, ಅವಳ ಬೆನ್ನು ಕಾಣುವಷ್ಟು ದೂರ ಬಿಟ್ಟುಕೊಂಡು ಅವನು ಹಿಂದೆ ನಡೆದ.